ರೆಕಾರ್ಡ್ ಬುಕ್ಕಿನೊಳಗೊಂದು ಟೀ ಪಾಟು

ಮೊನ್ನೆ ರಾತ್ರಿ ಹತ್ತೂವರೆಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಎದುರು ಮನೆಯ ಹುಡುಗಿ. ಇಂಜಿನಿಯರಿಂಗ್ ಆರನೇ ಸೆಮಿಸ್ಟರ್. ಒಂದು ಕೈಯಲ್ಲಿ ದಪ್ಪನೆಯ ರೆಕಾರ್ಡ್ ಬುಕ್, ಇನ್ನೊಂದರಲ್ಲಿ ಎಚ್‌ಬಿ ಪೆನ್ಸಿಲ್.

‘ಅಂಕಲ್, ನಿಮಗೆ ಚಿತ್ರ ಬಿಡಿಸೋಕೆ ಬರುತ್ತೆ ಅಂತ ಅಮ್ಮ ಹೇಳಿದ್ರು. ಒಂದು ಟೀ ಪಾಟ್ ಬಿಡಿಸಿಕೊಡಿ. ನಾಳೆ ಸಬ್‌ಮಿಷನ್.’

ಯಾವ ಸಬ್ಜೆಕ್ಟಮ್ಮಾ ಅಂದೆ.

‘ಕಂಪ್ಯೂಟರ್ ಗ್ರಾಫಿಕ್ಸ್.’

ಇಂಜಿನಿಯರಿಂಗ್ ಓದಿದವರು, ಸಾಲ ಮಾಡಿ ಓದಿಸಿದವರು ಇದನ್ನು ಓದಿ ನಗುವುದಿಲ್ಲ, ಬಿಡಿ. ಅವರ ಮನೆಯಲ್ಲೂ ಈ ಪುಸ್ತಕ ಇದೆ. ಬಲಗಡೆ ಗೆರೆ ಇರುವ ಪುಟ. ಅಲ್ಲಿ ನೀಲಿ ಪೆನ್ನಿನಲ್ಲಿ ಇಡೀ ಪ್ರೋಗ್ರಾಂ ಬರೆಯಬೇಕು. ಎಡಗಡೆ ಬಿಳಿ ಪುಟ. ಅಲ್ಲಿ ಔಟ್‌ಪುಟ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಚಿತ್ರ. ಅದನ್ನು ಪೆನ್ಸಿಲ್‌ನಲ್ಲಿ ಬಿಡಿಸಬೇಕು.

ಪ್ರಿಂಟ್ ತೆಗೆದು ಅಂಟಿಸಬಹುದಲ್ವಾ ಅಂತ ಕೇಳಿದೆ. ‘ಬೇಡ ಅಂದಿದ್ದಾರೆ ಅಂಕಲ್. ಪ್ರಿಂಟ್ ಹಾಕಿದ್ರೆ ನಾವೇ ಮಾಡಿದ್ದು ಅಂತ ಹೇಗೆ ಗೊತ್ತಾಗುತ್ತೆ ಅಂತಾರೆ.’

ಭೇಷ್. ಕಂಪ್ಯೂಟರ್ ಬಿಡಿಸಿದ ಚಿತ್ರವನ್ನು ಕಂಪ್ಯೂಟರೇ ಪ್ರಿಂಟ್ ಮಾಡಿದರೆ ಅದು ಮೋಸ. ಎದುರು ಮನೆ ಅಂಕಲ್ ಬಿಡಿಸಿದರೆ ಪ್ರಾಮಾಣಿಕತೆ.

ಆ ಪ್ರೋಗ್ರಾಂನಲ್ಲಿ ಟೀ ಪಾಟ್ ಬಿಡಿಸುವುದಕ್ಕೆ ಎಷ್ಟು ಕೆಲಸ ಇದೆ ಅಂದುಕೊಂಡಿರಿ? ಒಂದೇ ಸಾಲು. ‘ಗ್ಲಟ್ ಸಾಲಿಡ್ ಟೀಪಾಟ್’ ಅಂತ ಬರೆದು, ಆವರಣದೊಳಗೆ ಸೈಜು ಕೊಟ್ಟು, ಸೆಮಿಕೋಲನ್ ಹಾಕಿದರೆ ಮುಗಿಯಿತು. ಹಿಡಿ, ಮೂತಿ, ಮುಚ್ಚಳ ಎಲ್ಲಾ ಸಮೇತ ಪಾತ್ರೆ ಪ್ರತ್ಯಕ್ಷ. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿದ್ದನ್ನು ನಾನು, ಆ ಹುಡುಗಿ ಮತ್ತು ಅಳಿಸುವ ರಬ್ಬರ್ ಸೇರಿ ಒಂದೂವರೆ ಗಂಟೆ ಮಾಡಿದೆವು. ಮೂತಿ ಮೊದಲು ಆನೆ ಸೊಂಡಿಲಿನ ಥರ ಬಂತು. ಆಮೇಲೆ ತಿದ್ದಿದೆವು.

ಅಲ್ಲ, ಈ ಟೀ ಪಾಟೇ ಯಾಕೆ? ನಮ್ಮಲ್ಲಿ ಯಾರ ಮನೆಯಲ್ಲಿ ಟೀ ಪಾಟ್ ಇದೆ? ನಮ್ಮದು ಪಾತ್ರೆಯಲ್ಲಿ ಕುದಿಸಿ, ಜಾಲರಿಯಲ್ಲಿ ಸೋಸಿ, ಲೋಟಕ್ಕೆ ಬಗ್ಗಿಸುವ ವಂಶ. ಕಂಪ್ಯೂಟರ್ ಗ್ರಾಫಿಕ್ಸ್ ಚಿಕ್ಕಮಗಳೂರಿನಲ್ಲಿ ಹುಟ್ಟಿದ್ದರೆ ಇಡೀ ಜಗತ್ತು ಇವತ್ತು ಕಾಫಿ ಫಿಲ್ಟರ್ ಬಿಡಿಸುತ್ತಿತ್ತು. ಯಾಕೆ ಅಂತ ನಿಮ್ಮ ಲೆಕ್ಚರರ್ ಹೇಳಿದ್ರಾ ಅಂತ ಕೇಳಿದೆ. ‘ಸಿಲಬಸ್‌ನಲ್ಲಿ ಇದೆ ಅಂದ್ರು.’

ಅದಕ್ಕೊಂದು ಚೆಂದದ ಕಥೆ ಇದೆ. 1975. ಅಮೆರಿಕದ ಯೂಟಾ ವಿಶ್ವವಿದ್ಯಾಲಯ. ಮಾರ್ಟಿನ್ ನ್ಯೂವೆಲ್ ಅನ್ನುವವರಿಗೆ ಕಂಪ್ಯೂಟರಿನಲ್ಲಿ ಮೂಡಿಸಲು ಒಂದು ವಸ್ತು ಬೇಕಿತ್ತು. ತೀರಾ ಸುಲಭವೂ ಆಗಬಾರದು, ತೀರಾ ಕಷ್ಟವೂ ಆಗಬಾರದು. ಮನೆಯಲ್ಲಿ ಟೀ ಕುಡಿಯುವಾಗ ಅವರ ಹೆಂಡತಿ, ಈ ಟೀ ಸೆಟ್ಟನ್ನೇ ಮಾಡಿ ಅಂದರಂತೆ. ಎಂಥ ಆಯ್ಕೆ ನೋಡಿ! ಹೊಟ್ಟೆ ದುಂಡಗೆ, ಮೂತಿ ಡೊಂಕು, ಹಿಡಿಯ ನಡುವೆ ತೂತು. ಬೆಳಕು ಬಿಟ್ಟರೆ ಅದರ ನೆರಳು ಅದರ ಮೇಲೇ ಬೀಳುತ್ತದೆ. ಬೆಳಕು, ನೆರಳು, ಹೊಳಪು ಎಲ್ಲವನ್ನೂ ಪರೀಕ್ಷೆ ಮಾಡುವುದಕ್ಕೆ ಒಂದೇ ಪಾತ್ರೆ ಸಾಕು. ಅಂಗಡಿಯಿಂದ ತಂದ ಆ ಅಸಲಿ ಪಾತ್ರೆ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಕಂಪ್ಯೂಟರಿನಲ್ಲಿರುವ ಪಾಟು ಅದಕ್ಕಿಂತ ಕುಳ್ಳಗಿದೆ. ಇನ್ನೂ ಒಂದು ತಮಾಷೆ. ನ್ಯೂವೆಲ್ ಮಾಡಿದ ಮೊದಲ ಪಾಟಿಗೆ ತಳವೇ ಇರಲಿಲ್ಲ. ಆಮೇಲೆ ಹಾಕಿದರು.

ತಳವಿಲ್ಲದ ಪಾತ್ರೆಯನ್ನು ನಮ್ಮ ಕಾಲೇಜುಗಳು ಇಷ್ಟು ಪ್ರೀತಿಯಿಂದ ಅಪ್ಪಿಕೊಂಡಿದ್ದರಲ್ಲಿ ಏನಾದರೂ ಅರ್ಥ ಇರಬಹುದು.

ಇದನ್ನೆಲ್ಲ ಹೇಳಿದರೆ ಆ ಹುಡುಗಿಯ ಕಣ್ಣು ಅಗಲವಾಯಿತು. ಐದು ನಿಮಿಷದ ಕಥೆ. ಒಂದು ಸೆಮಿಸ್ಟರಿನಲ್ಲಿ ಯಾರಿಗೂ ಈ ಐದು ನಿಮಿಷ ಸಿಗಲಿಲ್ಲ. ನ್ಯೂವೆಲ್ ಕೂಡ ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲೇ ಗೀಚಿಕೊಂಡಿದ್ದು. ‘ಹಂಗಾದ್ರೆ ನಾವು ಮಾಡ್ತಿರೋದೂ ಅದೇ ಅಲ್ವಾ ಅಂಕಲ್?’ ಅಂದಳು. ಹೌದಮ್ಮ. ಅವರು ಕಾಗದದಿಂದ ಕಂಪ್ಯೂಟರಿಗೆ ಹೋದರು. ನಾವು ಕಂಪ್ಯೂಟರಿನಿಂದ ಕಾಗದಕ್ಕೆ ಬಂದಿದ್ದೇವೆ. ದಾರಿ ಒಂದೇ, ಬಸ್ಸು ಮಾತ್ರ ಉಲ್ಟಾ.

ಹಳೆಯದನ್ನೆಲ್ಲ ಬಿಸಾಕಿ ಅನ್ನುವವನು ನಾನಲ್ಲ. ಇದೇ ಸಿಲಬಸ್‌ನಲ್ಲಿ ಬ್ರೆಸೆನ್‌ಹ್ಯಾಮ್ ಅನ್ನುವವರ ಗೆರೆ ಎಳೆಯುವ ವಿಧಾನ ಇದೆ. 1962ರಲ್ಲಿ ಐಬಿಎಂನಲ್ಲಿದ್ದಾಗ ಕಂಡುಕೊಂಡಿದ್ದು. ಪರದೆ ಅಂದರೆ ಚುಕ್ಕಿಗಳ ಸಾಲು. ಓರೆ ಗೆರೆ ಎಳೆಯಬೇಕಾದರೆ ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ: ಪಕ್ಕದ ಚುಕ್ಕಿಗೆ ಹೋಗಬೇಕಾ, ಪಕ್ಕದ ಮೇಲಿನ ಚುಕ್ಕಿಗೆ ಹೋಗಬೇಕಾ? ಎಷ್ಟು ತಪ್ಪಿದ್ದೇವೆ ಅನ್ನುವ ಲೆಕ್ಕವನ್ನು ಕಿಸೆಯಲ್ಲಿಟ್ಟುಕೊಂಡು ಮುಂದೆ ನಡೆಯುವುದು. ದಶಾಂಶ ಇಲ್ಲ, ಭಾಗಾಕಾರ ಇಲ್ಲ. ಬರೀ ಕೂಡುವುದು, ಕಳೆಯುವುದು. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕಿದ ಯಾವ ಮಗುವಿಗೂ ಇದು ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಆದರೆ ಕ್ಲಾಸಿಗೆ ರಂಗೋಲಿ ತಂದರೆ ಮರ್ಯಾದೆ ಹೋಗುತ್ತದಲ್ಲ! ಅದಕ್ಕೇ ‘ಪಿ ಕೆ ಪ್ಲಸ್ ಒನ್ ಈಕ್ವಲ್ ಟು ಪಿ ಕೆ ಪ್ಲಸ್ ಟು ಡೆಲ್ಟಾ ವೈ’ ಅಂತ ಸಹಸ್ರನಾಮದ ಥರ ಬಾಯಿಪಾಠ ಮಾಡಿಸುತ್ತಾರೆ. ಡೆಲ್ಟಾ ವೈ ಅಂದರೆ ಏನು ಅಂತ ಕೇಳಿದರೆ ಹತ್ತು ಮಾರ್ಕ್ಸ್ ಅನ್ನುತ್ತಾರೆ.

ಪ್ರೋಗ್ರಾಂನಿಂದ ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್ ವಿಷಯ ಬೇರೆ. ‘ಜಿಎಲ್ ಬಿಗಿನ್’, ‘ಜಿಎಲ್ ಎಂಡ್’ ಅಂತ ಎಲ್ಲ ಪ್ರೋಗ್ರಾಂಗಳಲ್ಲೂ ಬರೆಯುತ್ತಾರೆ. ಇವು ಇನ್ನು ಬೇಡ ಅಂತ 2008ರಲ್ಲಿ ಓಪನ್‌ಜಿಎಲ್ 3.0 ಬಂದಾಗಲೇ ಗುರುತು ಹಾಕಿದ್ದರು. ಮರುವರ್ಷ 3.1ರಲ್ಲಿ ತೆಗೆದೇ ಹಾಕಿದರು. ಆಗ ಈ ಹುಡುಗಿ ಎಲ್‌ಕೆಜಿ ಸೇರುವ ವಯಸ್ಸು. ಆಮೇಲೆ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳು, ಪಿಯುಸಿ ಮುಗಿಸಿದಳು, ಸಿಇಟಿ ಬರೆದಳು. ಜಿಎಲ್ ಬಿಗಿನ್ ಮಾತ್ರ ಕಾಲೇಜು ಗೇಟಿನಲ್ಲಿ ಅವಳಿಗಾಗಿ ಕಾಯುತ್ತಾ ನಿಂತಿತ್ತು. ಶಬರಿ ಕಾದ ಹಾಗೆ.

ಇನ್ನೂ ಅದೃಷ್ಟವಂತರು ಕೆಲವು ಕಡೆ ಟರ್ಬೋ ಸಿ ಅನ್ನುವ ಹಳೆಯ ತಂತ್ರಾಂಶದ ನೀಲಿ ಪರದೆಯಲ್ಲೇ ಇದ್ದಾರೆ. ಅಲ್ಲಿ ಗ್ರಾಫಿಕ್ಸ್ ಶುರುವಾಗುವ ಮುಂಚೆ ‘ಸಿ ಕೋಲನ್ ಡಬಲ್ ಸ್ಲ್ಯಾಶ್ ಟಿಸಿ ಡಬಲ್ ಸ್ಲ್ಯಾಶ್ ಬಿಜಿಐ’ ಅಂತ ಸಂಕಲ್ಪ ಹೇಳಬೇಕು. ಒಂದು ಸ್ಲ್ಯಾಶ್ ಬಿಟ್ಟರೆ ದೇವರು ಬರುವುದಿಲ್ಲ. ಬಂದರೆ ಕೊಡುವುದು 16 ಬಣ್ಣ. ಅದರ ಹಿಂದಿರುವ ವಿಜಿಎ ಅನ್ನುವ ಪರದೆ ವ್ಯವಸ್ಥೆ ಹುಟ್ಟಿದ್ದು 1987ರಲ್ಲಿ. ಲ್ಯಾಬಿನ ಹೊರಗೆ ಕಸಿದಿಟ್ಟುಕೊಂಡ ಅದೇ ಹುಡುಗರ ಮೊಬೈಲಿನಲ್ಲಿ 1 ಕೋಟಿ 67 ಲಕ್ಷ ಬಣ್ಣ.

ಲ್ಯಾಬ್ ಅಂದೆನಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಬ್ಯಾಗು ಹೊರಗೆ ಇಡಬೇಕು. ಅರ್ಚಕರ ಹತ್ತಿರ ಇರುವ ಹಾಗೆ ಕೀಲಿ ಒಬ್ಬರ ಹತ್ತಿರವೇ ಇರುತ್ತದೆ. ಆಯುಧಪೂಜೆಗೆ ಮಾನಿಟರ್ ಮೇಲೆ ಹಚ್ಚಿದ ಕುಂಕುಮ ಮುಂದಿನ ಆಯುಧಪೂಜೆವರೆಗೂ ಇರುತ್ತದೆ. ಕೆಲವು ಸಿಸ್ಟಂಗಳಲ್ಲಿ ವರ್ಷವಿಡೀ ಕಾಣುವ ಗ್ರಾಫಿಕ್ಸ್ ಅದೊಂದೇ.

ನಾನೂ ಒಂದು ಕಾಲದಲ್ಲಿ ಒಂದು ಡಿಗ್ರಿ ಕಾಲೇಜಿನಲ್ಲಿ ಎರಡು ವರ್ಷ ಪಾಠ ಮಾಡಿದ್ದೆ. ಅತಿಥಿ ಉಪನ್ಯಾಸಕ. ಅತಿಥಿ ದೇವೋ ಭವ ಅನ್ನುವ ನಾಡಿನಲ್ಲಿ ಐದು ತಿಂಗಳು ಸಂಬಳ ಕೊಡದೆ ಕಾಯಿಸಬಹುದಾದ ದೇವರು. ಬಿಸಿಎ ಮಕ್ಕಳಿಗೆ ಡಿಜಿಟಲ್ ಡಿಸೈನ್ ಹೇಳಿಕೊಡಬೇಕಿತ್ತು. ನನಗೆ ಕೊಟ್ಟ ನೋಟ್ಸ್ ಎಷ್ಟನೇ ಸಲ ಜೆರಾಕ್ಸ್ ಆಗಿತ್ತೋ. ಅದರಲ್ಲಿ ಬಣ್ಣದ ಚಕ್ರ ಒಂದಿತ್ತು. ಹನ್ನೆರಡು ಭಾಗ. ಹನ್ನೆರಡೂ ಬೂದು. ಕೆಂಪಿಗೆ ಎದುರು ಬಣ್ಣ ಯಾವುದು ಅಂದರೆ ಮಕ್ಕಳು ಆ ಬೂದಿಗೆ ಎದುರಿರುವ ಬೂದಿಯನ್ನು ತೋರಿಸುತ್ತಿದ್ದರು. ಪರೀಕ್ಷೆಯಲ್ಲಿ ಪರದೆಯ ಬಣ್ಣದ ಲೆಕ್ಕವಾದ ಆರ್‌ಜಿಬಿಗೂ ಮುದ್ರಣದ ಬಣ್ಣದ ಲೆಕ್ಕವಾದ ಸಿಎಂವೈಕೆಗೂ ವ್ಯತ್ಯಾಸ ಬರೆಯಿರಿ, ಐದು ಅಂಕ. ಉತ್ತರ ನೀಲಿ ಇಂಕಿನಲ್ಲೇ ಇರಬೇಕು. ಬೇರೆ ಬಣ್ಣ ಬಳಸಿದರೆ ಮಾಲ್‌ಪ್ರಾಕ್ಟೀಸ್.

ಒಂದು ದಿನ ಒಬ್ಬ ಹುಡುಗ ತನ್ನೂರ ಜಾತ್ರೆಗೆ ಪೋಸ್ಟರ್ ಮಾಡಿ ತಂದ. ಹಳೆಯ ಫೋಟೋಶಾಪ್. ‘ಸುಸ್ವಾಗತ’ ಅಂತ ಟೈಪ್ ಮಾಡಿದರೆ ವತ್ತು ಕಾಲು ಜಾರಿ ಪಕ್ಕಕ್ಕೆ ಬಿದ್ದಿತ್ತು. ‘ಸಾರ್, ಕನ್ನಡ ಯಾಕೆ ಮುರಿಯುತ್ತೆ?’ ಅಂತ ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ! ಇಂಗ್ಲಿಷ್ ಅಕ್ಷರಗಳು ಸುಮ್ನೆ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಗಳು ಒಂದರ ಕೆಳಗೊಂದು, ಒಂದರ ಹೆಗಲ ಮೇಲೊಂದು ಕೂರುತ್ತವೆ. ಅದನ್ನು ತಂತ್ರಾಂಶಕ್ಕೆ ಬೇರೆಯಾಗಿ ಹೇಳಬೇಕು. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವ ಕಡೆ ಹೋಗಿ ಸೌತ್ ಏಷ್ಯನ್ ಇರುವುದನ್ನು ಆರಿಸಿದರೆ ವತ್ತು ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಒಂದು ಗಂಟೆ ಅದನ್ನೇ ಪಾಠ ಮಾಡಿದೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಅಂದರೇನು, ಯುನಿಕೋಡ್ ಅಂದರೇನು, ನುಡಿಯ ಹಳೆಯ ಫಾಂಟಿನಲ್ಲಿ ಬರೆದಿದ್ದನ್ನು ವಾಟ್ಸಾಪಿಗೆ ಹಾಕಿದರೆ ಯಾಕೆ ಇಂಗ್ಲಿಷ್ ಚಿತ್ರಾನ್ನ ಆಗುತ್ತದೆ, ಎಲ್ಲಾ. ಕೊನೆಯ ಬೆಂಚಿನವರೂ ಎದ್ದು ಮುಂದೆ ಬಂದಿದ್ದರು. ಮರುದಿನ ಮೇಲಿನವರು ಕರೆದರು. ‘ಕನ್ನಡ ಅಕ್ಷರ ಯಾವ ಯೂನಿಟ್‌ನಲ್ಲಿ ಬರುತ್ತೆ?’ ಯಾವ ಯೂನಿಟ್‌ನಲ್ಲೂ ಬರುತ್ತಿರಲಿಲ್ಲ.

ಇಲ್ಲಿ ನನಗೆ ತಮಾಷೆ ಮಾಡಲು ಆಗುವುದಿಲ್ಲ. ಆ ಹುಡುಗನ ಅಪ್ಪ ಕೂಲಿ ಮಾಡುತ್ತಿದ್ದರು. ಅವನಿಗೆ ಚಿತ್ರದ ಕಣ್ಣಿತ್ತು, ಕೈಯೂ ಇತ್ತು. ಮೂರು ವರ್ಷ ಅವನಿಂದ ಬರೆಸಿದ್ದು ರೆಕಾರ್ಡು, ಕೊಟ್ಟಿದ್ದು ಸಹಿ. ಚಿತ್ರ, ಅನಿಮೇಷನ್ ಮಾಡುವ ತಂತ್ರಾಂಶಗಳಲ್ಲಿ ಬ್ಲೆಂಡರ್ ಪುಕ್ಕಟೆ, ಇಂಕ್‌ಸ್ಕೇಪ್ ಪುಕ್ಕಟೆ, ಕ್ರಿಟಾ ಪುಕ್ಕಟೆ. ಬ್ಲೆಂಡರ್‌ನಲ್ಲಿ ಮಾಡಿದ ಲಾಟ್ವಿಯಾದ ಒಂದು ಅನಿಮೇಷನ್ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಇವನ್ನು ಹಾಕಿಕೊಡಲು ಕಾಲೇಜಿಗೆ ಒಂದು ರೂಪಾಯಿ ಖರ್ಚಿಲ್ಲ. ಆದರೂ ಹಾಕುವುದಿಲ್ಲ. ಹಾಕಿದರೆ ಯಾರಾದರೂ ಮೊದಲು ಕಲಿಯಬೇಕಲ್ಲ.

ಹೋಗಲಿ. ನಮ್ಮಲ್ಲಿ ಡಿಸೈನ್ ಬೆಳೆದಿಲ್ಲ ಅಂತಲ್ಲ. ನಿಮ್ಮೂರ ಫ್ಲೆಕ್ಸ್ ಅಂಗಡಿಗೆ ಹೋಗಿ ನೋಡಿ. ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟ ಹುಡುಗ ಕೋರೆಲ್ ಡ್ರಾ ಮುಂದೆ ಕೂತಿರುತ್ತಾನೆ. ಹತ್ತು ಅಡಿ ಅಗಲದಲ್ಲಿ 43 ತಲೆ ಕೂರಿಸಬೇಕು. ನಾಯಕರದ್ದು ಕುಂಬಳಕಾಯಿ ಗಾತ್ರ, ಅಧ್ಯಕ್ಷರದ್ದು ತೆಂಗಿನಕಾಯಿ, ಸದಸ್ಯರದ್ದು ನಿಂಬೆಹಣ್ಣು, ದುಡ್ಡು ಕೊಟ್ಟವನದ್ದು ನಿಂಬೆಹಣ್ಣಾದರೂ ಮಧ್ಯದಲ್ಲಿ. ಯಾರ ತಲೆ ಯಾರ ಭುಜಕ್ಕೆ ತಾಗಿದರೆ ಊರಲ್ಲಿ ಜಗಳ ಆಗುತ್ತದೆ ಅನ್ನುವುದು ಅವನಿಗೆ ಗೊತ್ತು. ವಿದೇಶದಲ್ಲಿ ಇದಕ್ಕೆ ವಿಷುಯಲ್ ಹೈರಾರ್ಕಿ ಅನ್ನುತ್ತಾರೆ. ಇವನು ‘ಅಣ್ಣಂದು ಸ್ವಲ್ಪ ದೊಡ್ಡದ್ ಮಾಡ್ತೀನಿ’ ಅನ್ನುತ್ತಾನೆ. ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನ ಪಾಲಿಕೆ 2018ರಲ್ಲಿ ಫ್ಲೆಕ್ಸ್ ನಿಷೇಧಿಸಿತು. ಅವನ ಕಲೆ ಅದನ್ನೂ ದಾಟಿ ಬಂದಿದೆ. ನಾನು ಪಾಠ ಮಾಡಿದ ಕಾಲೇಜಿನ ‘ಡಿಜಿಟಲ್ ಡಿಸೈನ್ ಕಾರ್ಯಾಗಾರ’ದ ಬ್ಯಾನರ್ ಕೂಡ ಇಂಥದೇ ಅಂಗಡಿಯಲ್ಲಿ ಆಗಿದ್ದು. ಅದರಲ್ಲಿ ವತ್ತು ಜಾರಿರಲಿಲ್ಲ.

ಮಿನಿ ಪ್ರಾಜೆಕ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೋಣಿ, ಗಾಳಿಯಂತ್ರ, ಟ್ರಾಫಿಕ್ ಸಿಗ್ನಲ್. ಕಾಲೇಜಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಮೂರೂ ಸಿಗುತ್ತವೆ, ಚಿನ್ನದ ಅಕ್ಷರದ ಬೈಂಡಿಂಗ್ ಸಮೇತ. ಹೆಸರು ಬದಲಾಯಿಸುವಾಗ ಸರ್ಟಿಫಿಕೇಟ್ ಪುಟ ಮರೆಯಬೇಡಿ, ಅಷ್ಟೇ. ಮರೆತರೂ ಪರವಾಗಿಲ್ಲ, ಅದನ್ನು ಓದುವವರು ಯಾರು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಟೀ ಪಾಟ್ ಮುಗಿಯಿತು. ಟೇಬಲ್ಲು, ಹಿಂದೆ ಗೋಡೆ, ಎಡಗಡೆಯಿಂದ ಬೆಳಕು, ಬಲಗಡೆ ನೆರಳು. ನೆರಳನ್ನು ನಾನು ಬೆರಳಿನಲ್ಲಿ ತೀಡಿ ಮೆದು ಮಾಡಿದ್ದೆ. ನಿಜ ಹೇಳಬೇಕೆಂದರೆ ಕಂಪ್ಯೂಟರಿಗಿಂತ ಚೆನ್ನಾಗಿತ್ತು. ಹುಡುಗಿ ಖುಷಿಯಿಂದ ಪುಸ್ತಕ ಮುಚ್ಚಿದಳು. ಮತ್ತೆ ತೆರೆದಳು.

‘ಅಂಕಲ್, ಇನ್ನೊಂದಿದೆ. ಕಲರ್ ಕ್ಯೂಬ್.’

ಘನ ತಾನೇ, ಆರು ಮುಖ, ಸುಲಭ ಅಂದೆ.

‘ಅದು ತಿರುಗುತ್ತೆ ಅಂಕಲ್. ಮೌಸ್ ಒತ್ತಿದ್ರೆ ಸುತ್ತುತ್ತಾ ಇರುತ್ತೆ. ಅದನ್ನ ಹೇಗೆ ಬಿಡಿಸೋದು?’

ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕು ಅಂದೆ.

ಬಾಣಕ್ಕೆ ಸ್ಕೆಚ್ ಪೆನ್ ಬಳಸಬಹುದಾ ಅಂತ ಅವಳು ಆಗಲೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳುತ್ತಿದ್ದಳು.