ಬಾಗಿಲ ಮೇಲಿನ ಸೀಮೆಸುಣ್ಣ

ಮ್ಯೂನಿಕ್‌ನಲ್ಲಿ ಮನೆ ಹಿಡಿದವರು ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ಹೆಸರು ಬರೆಸಬೇಕು. ಆ ಅರ್ಜಿಯಲ್ಲಿ ಧರ್ಮದ ಕಾಲಂ ಕಂಡೊಡನೆ, ಮುಂದಿನ ಸಾಲಿನಲ್ಲಿ ಜಾತಿಯನ್ನೂ ಕೇಳಿರಬಹುದೆಂದು ಅಭ್ಯಾಸಬಲದಿಂದ ಕಣ್ಣಾಡಿಸಿದೆ, ಕೇಳಿರಲಿಲ್ಲ. ಇವರಿಗೆ ನನ್ನ ದೇವರಿಂದ ಆಗಬೇಕಾದದ್ದೇನು ಎಂಬ ಸಂಶಯ ಬಗೆಹರಿದದ್ದು ಸಹೋದ್ಯೋಗಿಯೊಬ್ಬನ ಸಂಬಳದ ಚೀಟಿಯನ್ನು ಕಂಡಾಗ. ಚರ್ಚಿನ ಸದಸ್ಯರೆಂದು ಬರೆಸಿದವರು ಕಟ್ಟುವ ಆದಾಯ ತೆರಿಗೆಯ ಶೇಕಡಾ 8ರಷ್ಟು ಮೊತ್ತವನ್ನು ಮ್ಯೂನಿಕ್ ಸೇರಿದ ಬವೇರಿಯಾ ರಾಜ್ಯದಲ್ಲಿ ಚರ್ಚಿಗೆಂದೇ ಪ್ರತ್ಯೇಕವಾಗಿ ಹಿಡಿಯುತ್ತಾರೆ. ಹುಂಡಿಗೆ ಜೇಬಿನ ಚಿಲ್ಲರೆ ಹಾಕಿ, ಅದಕ್ಕೂ ಮೊದಲು ಅತ್ತಿತ್ತ ನೋಡುವ ನನ್ನಂಥವನಿಗೆ ಈ ದಶಾಂಶದ ಭಕ್ತಿ ಬೆರಗು ಹುಟ್ಟಿಸಿತು. ಆತ ಮರುವರ್ಷವೇ ಶುಲ್ಕ ಕಟ್ಟಿ, ಸಹಿ ಹಾಕಿ ಚರ್ಚನ್ನು ಬಿಟ್ಟ. ಆದರೂ ಬೆಳಿಗ್ಗೆ ಎದುರಾದರೆ 'ಗ್ರ್ಯೂಸ್ ಗಾಟ್' ಎಂದು ದೇವರ ಹೆಸರಿನಲ್ಲಿಯೇ ವಂದಿಸುತ್ತಾನೆ. ಕಲ್ಲೆಡವಿದ ನಾಸ್ತಿಕನೂ 'ಅಯ್ಯೋ ರಾಮ' ಎನ್ನುವುದಿಲ್ಲವೆ, ಹಾಗೆ.

ಆದರೆ ನಾನು ಹೇಳಹೊರಟದ್ದು ಸೀಮೆಸುಣ್ಣದ ವಿಷಯ. ನಾವಿದ್ದ ಕಟ್ಟಡದಲ್ಲಿ ಹಲವು ಬಾಗಿಲುಗಳ ಮೇಲ್ಪಟ್ಟಿಯಲ್ಲಿ ಅಂಕಿಗಳೂ ಅಕ್ಷರಗಳೂ ಬೆರೆತ ಒಂದು ಸಾಲಿತ್ತು. ಪೋಲಿಯೊ ಹನಿ ಹಾಕುವವರು ಗೋಡೆಯ ಮೇಲೆ ಗುರುತು ಮಾಡಿ ಹೋಗುವುದನ್ನು ಕಂಡಿದ್ದ ನಾನು, ಇದು ನೀರಿನ ಮೀಟರ್ ಓದುವವರ ಲೆಕ್ಕವಿರಬೇಕೆಂದು ತೀರ್ಮಾನಿಸಿದ್ದೆ.

2024ರ ಜನವರಿ 6ರಂದು, ಶಿಶು ಯೇಸುವನ್ನು ಕಾಣಲು ನಕ್ಷತ್ರದ ಜಾಡು ಹಿಡಿದು ಬಂದ ಮೂವರು ರಾಜರ ಹಬ್ಬದ ರಜೆಯ ದಿನ, ಕರೆಗಂಟೆ ಬಾರಿಸಿತು. ಬಂಗಾರದ ಕಾಗದದ ಕಿರೀಟ ತೊಟ್ಟ ಮೂರು ಮಕ್ಕಳು ನಿಂತಿದ್ದರು. ಒಬ್ಬನ ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ನಕ್ಷತ್ರ, ಇನ್ನೊಬ್ಬನ ಕೈಯಲ್ಲಿ ದೂರದೇಶದ ಮಕ್ಕಳಿಗಾಗಿ ಹಣ ಕೂಡಿಸುವ ಡಬ್ಬಿ. ಪಕ್ಕದ ಮನೆಯ ಅಜ್ಜಿ ನಮ್ಮನ್ನು ಕೇಳದೆಯೇ ಅವರನ್ನು ನಮ್ಮ ಬಾಗಿಲಿಗೂ ಕಳಿಸಿದ್ದರು. ಮಕ್ಕಳು ಹಾಡಿದರು, ನಾವು ಡಬ್ಬಿಗೆ ಹಾಕಿದೆವು. ಸೀಮೆಸುಣ್ಣ ಹಿಡಿದಿದ್ದ ಹುಡುಗಿ, ಬರೆಯಬಹುದೆ ಎಂದು ಕೇಳಿದಳು. ಅವಳಿಗೆ ಮೇಲ್ಪಟ್ಟಿ ನಿಲುಕಲಿಲ್ಲ. ಒಳಗಿನಿಂದ ಸ್ಟೂಲು ತಂದುಕೊಟ್ಟೆ. ನಮ್ಮ ಪ್ಲಾಸ್ಟಿಕ್ ಮಾವಿನೆಲೆಯ ತೋರಣವನ್ನು ಎಡಗೈಯಿಂದ ಮೆಲ್ಲಗೆ ಎತ್ತಿ ಹಿಡಿದು, ಮೊದಲು 20, ಬಳಿಕ ಒಂದು ನಕ್ಷತ್ರ, ಆಮೇಲೆ ಸಿ, ಎಂ, ಬಿ ಅಕ್ಷರಗಳು, ನಡುನಡುವೆ ಶಿಲುಬೆಯ ಗುರುತು, ಕೊನೆಗೆ 24 ಎಂದು ನಾಲಿಗೆಯ ತುದಿ ಕಚ್ಚಿಕೊಂಡು ಬರೆದಳು. ಅವು ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್ ಎಂಬ ರಾಜರ ಹೆಸರುಗಳೆಂದು ಅವಳು ಹೇಳಿದರೆ, ಕ್ರಿಸ್ತನು ಈ ಮನೆಯನ್ನು ಹರಸಲಿ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳೆಂದು ಅಜ್ಜಿ ತಿದ್ದಿದರು.

ಆ ಶರತ್ಕಾಲದಲ್ಲಿ ಹಬ್ಬಕ್ಕೆಂದು ಬಾಗಿಲು ತೊಳೆಯಹೊರಟ ನನ್ನ ಹೆಂಡತಿ ಒದ್ದೆ ಬಟ್ಟೆ ಹಿಡಿದು ತುಸು ಹೊತ್ತು ಹಾಗೆಯೇ ನಿಂತಳು. ಒರೆಸಿದರೆ ದೇವರಿಗೆ ಅಪಚಾರ, ಬಿಟ್ಟರೆ ಹಬ್ಬಕ್ಕೆ ಮೈಲಿಗೆ. ಕಡೆಗೆ ಆ ಸಾಲಷ್ಟನ್ನು ಬಿಟ್ಟು ಉಳಿದುದನ್ನು ತೊಳೆದು, ಅದರ ಎರಡು ತುದಿಗಳಲ್ಲಿ ಅರಿಸಿನ ಕುಂಕುಮ ಇಟ್ಟಳು.

ಮುಂದಿನ ಜನವರಿಯಲ್ಲಿ ಅದೇ ಹುಡುಗಿ ಬಂದಳು. ಗೇಣುದ್ದ ಬೆಳೆದಿದ್ದಳಾದರೂ ಸ್ಟೂಲು ಬೇಕೇ ಆಯಿತು. 24ನ್ನು ಅಂಗೈಯಿಂದ ಉಜ್ಜಿ 25 ಎಂದು ತಿದ್ದಿದಳು. ಆಮೇಲೆ ಕುಂಕುಮದ ಬೊಟ್ಟುಗಳನ್ನು ನೋಡಿ, "ಇವರು ವರ್ಷ ಬರೆಯುವುದನ್ನು ಮರೆತಿದ್ದಾರೆ" ಎಂದಳು.