ಪ್ರಳಯದ ದಿನದ ರಸೀದಿ

1979ರ ಜುಲೈ. ನನಗಾಗ ಎಂಟು ವರ್ಷ. ಅಮೆರಿಕದವರ ಸ್ಕೈಲ್ಯಾಬ್ ಅನ್ನೋ ಬಾಹ್ಯಾಕಾಶ ನಿಲ್ದಾಣ ಕೆಳಕ್ಕೆ ಬೀಳುತ್ತಂತೆ, ಎಲ್ಲಿ ಬೀಳುತ್ತೋ ಅವರಿಗೇ ಗೊತ್ತಿಲ್ಲವಂತೆ ಅನ್ನೋ ಸುದ್ದಿ ತುಮಕೂರು ಕಡೆಯ ನಮ್ಮೂರಿನ ಅರಳಿಕಟ್ಟೆ ಮುಟ್ಟೋ ಹೊತ್ತಿಗೆ 'ಲೋಕವೇ ಮುಳುಗುತ್ತಂತೆ' ಅಂತಾಗಿತ್ತು. ಅಜ್ಜಿ ಎರಡು ದಿನ ಸುಮ್ಮನಿದ್ದಳು. ಮೂರನೇ ದಿನ ಮಂಕರಿ ಎತ್ತಿ ಹುಂಜ ಹಿಡಿದಳು. ಅವೆಲ್ಲ ಪಿತೃಪಕ್ಷಕ್ಕೆ ಅಂತ ಮೀಸಲಿಟ್ಟ ಕೋಳಿಗಳು. ಅಪ್ಪ ತಕರಾರು ತೆಗೆದಿದ್ದಕ್ಕೆ, "ಇನ್ನು ನಾಕು ದಿನಕ್ಕೆ ನಾವೇ ಹಿರೀಕರಾಗ್ತೀವಲ್ಲೋ, ನಮ್ಮ ಪಾಲು ಈಗ್ಲೇ ತಿನ್ನಾನ" ಅಂದಳು. ಆ ವಾರ ಐದು ಕೋಳಿ ಹೋದವು. ಬೆಳಗ್ಗೆ ಮುದ್ದೆ ಸಾರು, ರಾತ್ರಿ ಮುದ್ದೆ ಸಾರು. ನನ್ನ ಬಾಲ್ಯದಲ್ಲಿ ಅಷ್ಟು ಸುಖದ ವಾರ ಇನ್ನೊಂದಿಲ್ಲ.

ಹಟ್ಟಿಯ ಮೂಲೆಯಲ್ಲಿ, ಹುಲ್ಲು ಹಾಸಿದ ಪುಟ್ಟಿಯಲ್ಲಿ ಒಂದು ಕಂದು ಹೇಟೆ ಇತ್ತು. ಅದರ ತಂಟೆಗೆ ಮಾತ್ರ ಅಜ್ಜಿ ಹೋಗಲಿಲ್ಲ. ನಾನು ಬೆರಳು ಮಾಡಿ ತೋರಿಸಿದ್ದಕ್ಕೆ ಬೈಸಿಕೊಂಡೆ. "ಅದು ಕಾವಿಗೆ ಕೂತೈತೆ, ಕಣ್ಣು ಕಾಣಲ್ವಾ ನಿಂಗೆ?"

ಜುಲೈ 11ಕ್ಕೆ ಸುಮಾರು 77 ಟನ್ನಿನ ಆ ವಸ್ತು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾದ ಬಯಲಿಗೂ ಚೂರುಚೂರಾಗಿ ಬಿತ್ತು. ಅಲ್ಲಿನ ಎಸ್ಪರೆನ್ಸ್ ಊರಿನವರು ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿದರು. (ನಮ್ಮ ಪಂಚಾಯಿತಿಗೂ ಇಷ್ಟು ಧೈರ್ಯ ಇದ್ದಿದ್ದರೆ!)

ಮೊನ್ನೆ ಮಗಳು ಊಟಕ್ಕೆ ಕೂತಾಗ ಕೇಳಿದಳು, ಲೋಕ ಮುಗಿಯೋದು ಖಚಿತ ಅಂತಾದರೆ ಜನ ಏನು ಮಾಡ್ತಾರೆ ಅಪ್ಪಾ ಅಂತ. ಅವಳ ತಲೆಯಲ್ಲಿದ್ದದ್ದು ಸಿನಿಮಾದ ಚಿತ್ರ: ಅಂಗಡಿ ಲೂಟಿ, ಬೀದಿಗೆ ಬೆಂಕಿ, ಒಬ್ಬರನ್ನೊಬ್ಬರು ತುಳಿದು ಓಡೋದು. ನನಗೆ ಅದು ನಂಬೋ ಹಾಗಿಲ್ಲ. ನಾನು ಕಂಡ ಮಟ್ಟಿಗೆ ಇಂಥ ಸುದ್ದಿಯನ್ನ ಮೊದಲು ನಂಬೋದು ಬಾಯಿ. ಕೈ ಅಷ್ಟು ಬೇಗ ನಂಬಲ್ಲ.

1962ರ ಅಷ್ಟಗ್ರಹ ಕೂಟದ ಕತೆ ಮನೆಯಲ್ಲಿ ಕೇಳಿಯೇ ಬೆಳೆದವನು ನಾನು. ಆ ಫೆಬ್ರುವರಿ 3ರಿಂದ 5ರವರೆಗೆ ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ಜೊತೆಗೆ ಕೇತು, ಎಲ್ಲರೂ ಮಕರ ರಾಶಿಯಲ್ಲಿ ಸೇರಿದ್ದರು. ದೇಶದ ತುಂಬ ಹೋಮ, ಹವನ, ಭಜನೆ. ಆದರೆ ಅದೇ ತಿಂಗಳ 19ರಿಂದ ಲೋಕಸಭಾ ಚುನಾವಣೆ ಇತ್ತು ನೋಡಿ, ಪ್ರಚಾರ ಮಾತ್ರ ನಿಲ್ಲಲಿಲ್ಲ. ಐದನೇ ತಾರೀಕು ಪ್ರಳಯ, ಹತ್ತೊಂಬತ್ತಕ್ಕೆ ಓಟು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದಾರೆ ನಮ್ಮ ಹಿರಿಯರು. ನಮ್ಮೂರಲ್ಲಿ ಬಡ್ಡಿಗೆ ಕೊಡುತ್ತಿದ್ದ ಯಜಮಾನರು ಹೋಮಕ್ಕೆ ಒಂದು ಡಬ್ಬ ತುಪ್ಪ ಕೊಟ್ಟರಂತೆ, ಪ್ರೋನೋಟು ಒಂದನ್ನೂ ಹರಿಯಲಿಲ್ಲವಂತೆ.

2012ರ ಡಿಸೆಂಬರ್ 21, ಶುಕ್ರವಾರ. ಮಾಯನ್ ಕ್ಯಾಲೆಂಡರ್ ಮುಗೀತು ಅಂತ ಟಿವಿಯವರು ವಾರದಿಂದ ಕುಣಿದಿದ್ದರು. ನಾನಾಗ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಹನ್ನೊಂದು ಗಂಟೆಗೆ ಒಬ್ಬರು ವಯಸ್ಸಾದ ಹೆಂಗಸು ಒಡವೆ ಸಾಲದ ಬಡ್ಡಿ ಕಟ್ಟೋಕೆ ಬಂದರು. ಸೆರಗಿನ ಗಂಟು ಬಿಚ್ಚಿ, ನೋಟು ಎಂಜಲು ಹಚ್ಚಿ ಎಣಿಸಿದರು. "ಅಮ್ಮಾ, ಇವತ್ತೇ ಪ್ರಳಯ ಅಂತೆ, ಸೋಮವಾರ ಕಟ್ಟಬಹುದಿತ್ತಲ್ಲ" ಅಂದೆ ತಮಾಷೆಗೆ. ಆಯಮ್ಮ ನಗಲಿಲ್ಲ. "ಅದಕ್ಕೇ ಬಂದೆ ಕಣಪ್ಪ, ಋಣ ಇಟ್ಕೊಂಡು ಹೋಗ್ಬಾರ್ದು" ಅಂದರು. ರಸೀದಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಸೀಲು ಹೊಡೀಲಿಲ್ವಲ್ಲಪ್ಪ?"

ಕೈ ಕೂಡ ನಂಬಿದವರು ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನೋ ರೈತ ಬೈಬಲ್ಲಿನ ಲೆಕ್ಕ ಹಾಕಿ ಕ್ರಿಸ್ತ ಮತ್ತೆ ಬಂದು ಲೋಕ ಮುಗಿಯೋ ಕಾಲ ಹೇಳಿದ. ಕೊನೆಗೆ 1844ರ ಅಕ್ಟೋಬರ್ 22 ಅಂತ ದಿನವೇ ಗೊತ್ತಾಯಿತು. ಅವನ ಹಿಂದಿದ್ದವರು ಸಾವಿರಗಟ್ಟಲೆ. ಕೆಲವರು ಅಂಗಡಿ ಮುಚ್ಚಿದರು, ಹೊಲದಲ್ಲಿ ಆಲೂಗಡ್ಡೆ ಅಗೆಯದೆ ಬಿಟ್ಟರು, ಇದ್ದ ಸಾಲ ತೀರಿಸಿದರು. ಇಪ್ಪತ್ತಮೂರನೇ ತಾರೀಕು ಬೆಳಗಾಯಿತು. ಊರವರ ನಗು ಹೇಗಿದ್ದಿರಬಹುದು ಅಂತ ನೆನೆಸಿಕೊಂಡರೆ ಇವತ್ತಿಗೂ ಅವರ ಪರವಾಗಿ ನನಗೆ ಸಂಕಟ ಆಗುತ್ತೆ. ಆದರೆ ಆ ಸಾಲದ ವಿಷಯ ನೋಡಿ. ಎಲ್ಲಿಯ ಆ ರೈತರು, ಎಲ್ಲಿಯ ಸೆರಗಿನ ಗಂಟಿನ ಆಯಮ್ಮ.

ಇನ್ನೊಂದು, ಹವಾಯಿ. 2018ರ ಜನವರಿ 13ರ ಬೆಳಗ್ಗೆ ಎಂಟರ ಸುಮಾರಿಗೆ ಎಲ್ಲರ ಫೋನಿಗೂ ಸರ್ಕಾರದ್ದೇ ಸಂದೇಶ: ಕ್ಷಿಪಣಿ ಬರುತ್ತಿದೆ, ಅಡಗಿಕೊಳ್ಳಿ, ಇದು ಅಭ್ಯಾಸವಲ್ಲ. ತಪ್ಪಾಗಿ ಹೋಗಿದೆ ಅಂತ ಫೋನಿಗೆ ಮತ್ತೆ ಸಂದೇಶ ಬರಲು 38 ನಿಮಿಷ ಬೇಕಾಯಿತು. ಆ 38 ನಿಮಿಷ ಜನ ಮನೆಗೆ ಫೋನ್ ಮಾಡಿದರು, ಮಕ್ಕಳನ್ನ ಮ್ಯಾನ್‌ಹೋಲಿಗೆ ಇಳಿಸಿದರು, ಬಾತ್ರೂಮಿನಲ್ಲಿ ಅಪ್ಪಿಕೊಂಡು ಕೂತರು. ಅಂಗಡಿ ಒಡೆಯೋಕೆ ಹೋಗೋ ಪುರುಸೊತ್ತು ಯಾರಿಗಿತ್ತು?

ಇರೋದು 38 ನಿಮಿಷ ಅಂದರೆ ಮನುಷ್ಯನ ಬಗ್ಗೆ ನನಗೆ ಭಯ ಇಲ್ಲ. ಆರು ತಿಂಗಳು ಅಂದರೆ ಸ್ವಲ್ಪ ಇದೆ. ಸಾಲ ಅನ್ನೋದೇ ಮುಂದಿನ ವರ್ಷ ಇದೆ ಅನ್ನೋ ಧೈರ್ಯದ ಮೇಲೆ ನಿಂತಿರೋದು, ಹಾಗಾಗಿ ನಮ್ಮಂಥವರ ಕೌಂಟರ್ ಮೊದಲ ದಿನವೇ ಮುಚ್ಚುತ್ತೆ. ಅಡವಿಟ್ಟವರೆಲ್ಲ ಸರ ಬಳೆ ವಾಪಸ್ ಕೇಳ್ತಾರೆ, ಮೈಮೇಲೆ ಹಾಕ್ಕೊಂಡೇ ಸಾಯ್ತೀವಿ ಅಂತ. ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ದುಡ್ಡಿದ್ದವರು ನೆಲದಡಿ ಮನೆ ಕಟ್ಟಿಸ್ತಾರೆ. ನಮ್ಮ ದೊಡ್ಡಪ್ಪ ದಾಯಾದಿ ಕೇಸು ಮಾತ್ರ ಬಿಡಲ್ಲ, ತೀರ್ಪಾದ್ರೂ ಕೇಳ್ಕೊಂಡು ಸಾಯ್ತೀನಿ ಅಂತಾರೆ. ಆದರೆ ನಮ್ಮ ಬೀದಿಯ ನೀರುಗಂಟಿ? ಅವನು ಬರ್ತಾನೆ ಅಂತ ನನ್ನ ಪಂದ್ಯ. ಸಂಬಳಕ್ಕಲ್ಲ, ದೊಡ್ಡ ಆದರ್ಶಕ್ಕೂ ಅಲ್ಲ. ಬೆಳಗ್ಗೆ ಐದಕ್ಕೆ ಎಚ್ಚರ ಆಗಿಬಿಡುತ್ತಲ್ಲ, ವಾಲ್ವ್ ತಿರುಗಿಸದೆ ಆ ಹೊತ್ತಲ್ಲಿ ಇನ್ನೇನು ಮಾಡಬೇಕು ಅವನು?

ಅಂದಹಾಗೆ, ಸ್ಕೈಲ್ಯಾಬ್ ಬಿದ್ದು ಎರಡು ವಾರಕ್ಕೆ ಆ ಹೇಟೆ ಒಂಬತ್ತು ಮರಿ ಮಾಡಿತು. ಪಿತೃಪಕ್ಷದ ಹೊತ್ತಿಗೆ ಇನ್ನೂ ಅಂಗೈ ಗಾತ್ರದವು, ಕೊಯ್ಯೋ ಹಾಗಿರಲಿಲ್ಲ. ಎಡೆಗೆ ಮೊಟ್ಟೆ ಸಾರೇ ಗತಿಯಾಯಿತು. ಅಜ್ಜಿ ಧೂಪ ಹಾಕಿ, ಎಲೆ ಮುಂದೆ ಕೈಮುಗಿದು, ತಾತನಿಗೆ ಸಮಜಾಯಿಷಿ ಕೊಟ್ಟಿದ್ದು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ: "ಬ್ಯಾಸ್ರ ಮಾಡ್ಕೋಬ್ಯಾಡ, ಈ ಸಲ ನಿನ್ನ ಕೋಳೀನ ಸ್ಕೈಲಾಬು ತಿಂದ್ಬಿಡ್ತು."