82 ಅಂಕ ಬಂದರೂ ಕಣ್ಣೀರು

ಕಳೆದ ತಿಂಗಳು ತರಗತಿಯಲ್ಲಿ ತಿದ್ದಿದ ಉತ್ತರ ಪತ್ರಿಕೆಗಳನ್ನು ಹಂಚಿದೆ. ಒಬ್ಬ ವಿದ್ಯಾರ್ಥಿನಿಗೆ ನೂರಕ್ಕೆ 82 ಬಂದಿತ್ತು. ಅಂಕದ ಕಡೆ ಅವಳ ಕಣ್ಣೇ ಹೋಗಲಿಲ್ಲ. ಮೂರನೆಯ ಪುಟದ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದಿದ್ದ ‘ಇದು ಸ್ಪಷ್ಟವಾಗಿಲ್ಲ’ ಎಂಬ ಎರಡು ಪದಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಎಲ್ಲರೂ ಹೊರಟ ಮೇಲೂ ಏಳಲಿಲ್ಲ. ಹತ್ತಿರ ಹೋದೆ. “ನಾನು ದಡ್ಡಿ ಮೇಡಂ. ಇಷ್ಟು ದಿನ ಅದು ಯಾರಿಗೂ ಗೊತ್ತಾಗದ ಹಾಗೆ ಹೇಗೋ ನಿಭಾಯಿಸಿದೆ” ಎಂದಳು. ಕಣ್ಣು ತುಂಬಿ ಬಂದಿತ್ತು.

ಎರಡು ಪದ ಬರೆದದ್ದು ನಾನು. ಅದನ್ನು ತನ್ನ ಇಡೀ ಬದುಕಿನ ಮೇಲಿನ ತೀರ್ಪೆಂದು ಓದಿಕೊಂಡವಳು ಅವಳು.

ಇಂಥವರಿಗೆ ನಾವು ಹೇಳುವ ಸಮಾಧಾನ ಗೊತ್ತೇ ಇದೆ: ‘ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡ’, ‘ನಾಲ್ಕು ಅಂಕ ಕಡಿಮೆ ಬಂದರೆ ಏನಾಯಿತು’. ಈ ಮಾತು ನಾಟುವುದಿಲ್ಲ. ‘ನಿನ್ನಿಂದ ಇಷ್ಟೇ ಸಾಧ್ಯ, ಗುರಿಯನ್ನು ತಗ್ಗಿಸು’ ಎಂದೇ ಅವರಿಗೆ ಕೇಳಿಸುತ್ತದೆ. ಚೆನ್ನಾಗಿ ಮಾಡಬೇಕೆಂಬ ಹಟದಲ್ಲಿ ತಪ್ಪೇನಿದೆ? ಮನಶ್ಶಾಸ್ತ್ರಜ್ಞರು ಎತ್ತರದ ಗುರಿ ಇಟ್ಟುಕೊಳ್ಳುವುದನ್ನೂ, ಅದನ್ನು ಮುಟ್ಟದಾಗ ತನ್ನನ್ನು ತಾನೇ ಹಳಿದುಕೊಳ್ಳುವುದನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ. ಮನುಷ್ಯನನ್ನು ಒಳಗಿನಿಂದ ತಿನ್ನುವುದು ಹೆಚ್ಚಾಗಿ ಎರಡನೆಯದು.

ಕೆನಡಾದ ಡೇವಿಡ್ ಡಂಕ್ಲಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 163 ವಿಶ್ವವಿದ್ಯಾಲಯ ವಿದ್ಯಾರ್ಥಿಗಳು ಸತತ 7 ರಾತ್ರಿ ಆ ದಿನದ ಕಿರಿಕಿರಿಗಳನ್ನೂ ಮನಸ್ಸಿನ ಸ್ಥಿತಿಯನ್ನೂ ದಾಖಲಿಸಿದರು. ತಮ್ಮನ್ನು ತಾವು ಹಳಿದುಕೊಳ್ಳುವವರ ಪಾಲಿಗೆ ದಿನದ ಕಿರಿಕಿರಿಗಳೂ ಹೆಚ್ಚು, ಅದನ್ನು ಎದುರಿಸದೆ ನುಣುಚಿಕೊಳ್ಳುವುದೂ ಹೆಚ್ಚು. ತಮ್ಮ ಬೆನ್ನಿಗೆ ಜನರಿದ್ದಾರೆ ಎಂಬ ಭಾವನೆ ಮಾತ್ರ ಕಡಿಮೆ. ಓದಿದಾಗ ನನಗೆ ಆ ಹುಡುಗಿಯ ಮುಖವೇ ಕಂಡಿತು. ಕೊರಗು ಬರುವುದು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಿಂದಷ್ಟೇ ಎಂದುಕೊಂಡಿದ್ದೆ. ಅದು ಪ್ರತಿದಿನ, ಗುಟುಕು ಗುಟುಕಾಗಿ ಒಳಗಿಳಿಯುತ್ತದೆ.

ಈ ಹೊರೆ ಇಂದಿನ ಪೀಳಿಗೆಯ ಮೇಲೆ ಹೆಚ್ಚುತ್ತಲೇ ಇದೆ. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್‌ಗಳ ನಲವತ್ತು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ, ‘ಇತರರು ನನ್ನಿಂದ ಪರಿಪೂರ್ಣತೆಯನ್ನೇ ಬಯಸುತ್ತಾರೆ’ ಎಂಬ ಭಾವನೆಯ ಪ್ರಮಾಣ ಶೇ 33ರಷ್ಟು ಏರಿತ್ತು. ಆ ‘ಇತರರು’ ಯಾರು? ಶಿಕ್ಷಕರಾದ ನಾವೂ ಅದರಲ್ಲಿದ್ದೇವೆ.

ಬೈದುಕೊಳ್ಳದಿದ್ದರೆ ಸೋಮಾರಿಯಾಗುತ್ತೇನೆ ಎಂಬ ಹೆದರಿಕೆ ಈ ಮಕ್ಕಳಲ್ಲಿ ಆಳವಾಗಿ ಬೇರೂರಿದೆ. ಅದಕ್ಕೆ ನಾನು ಅವರಿಗೆ ಕೆನಡಾದ್ದೇ ಇನ್ನೊಂದು ಅಧ್ಯಯನದ ವಿಷಯ ಹೇಳುತ್ತೇನೆ. ಮೈಕೆಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ್ದು. ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಕ್ಷಮಿಸಿಕೊಂಡವರು ಕೈಕಟ್ಟಿ ಕೂರಲಿಲ್ಲ. ಪುಸ್ತಕ ತೆರೆದರು.

ಆ ಹುಡುಗಿಗೆ ನಾನು ಉಪದೇಶ ಮಾಡಲಿಲ್ಲ. ಎರಡು ದಿನದ ವಿವರ ಬರೆದುಕೊಂಡು ಬಾ ಎಂದೆ: ಒಂದು ಕೆಟ್ಟ ದಿನ, ಒಂದು ಪರವಾಗಿಲ್ಲ ಎನ್ನಿಸಿದ ದಿನ. ಕೆಟ್ಟ ದಿನದ ಹಾಳೆಯಲ್ಲಿ ಹೀಗಿತ್ತು: ‘ರಾತ್ರಿ 9: ಪ್ರಬಂಧ ಮುಗಿಯಿತೇ ಎಂದು ಗೆಳತಿ ಕೇಳಿದಳು. ಉತ್ತರಿಸದೆ ಮೊಬೈಲನ್ನು ಮಗುಚಿ ಇಟ್ಟೆ. ಮೊದಲ ಪ್ಯಾರಾವನ್ನು ಆರನೆಯ ಸಲ ಅಳಿಸಿದೆ. 11: ನಿದ್ದೆ ಬರುತ್ತಿದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಮಲಗಿದೆ.’ ಇನ್ನೊಂದು ದಿನವೂ ಕೆಲಸ ಅಷ್ಟೇ ಇತ್ತು, ಗಡುವೂ ಅಷ್ಟೇ ಹತ್ತಿರವಿತ್ತು. ವ್ಯತ್ಯಾಸ ಒಂದೇ. ಅರ್ಥವಾಗದ ಭಾಗವನ್ನು ಅಂದು ಸಹಪಾಠಿಯ ಹತ್ತಿರ ಕೇಳಿದ್ದಳು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಅವಳಿಗೇ ಅದು ಕಂಡಿತು, ನಾನು ಬಾಯಿ ಬಿಡಬೇಕಾಗಲಿಲ್ಲ.

ಎಲ್ಲವೂ ಹಾಳೆ, ಪೆನ್ನಿನಿಂದ ಸರಿಹೋಗುವುದಿಲ್ಲ. ಊಟ, ನಿದ್ದೆ ತಪ್ಪುತ್ತಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ ಅದೇ ದಿನ ಆಪ್ತಸಮಾಲೋಚಕರ ಬಳಿ ಕರೆದೊಯ್ಯಬೇಕು. ನಾಳೆ ನೋಡೋಣ ಎನ್ನುವ ವಿಷಯವಲ್ಲ ಅದು.

ನಾನೂ ಒಂದು ಅಭ್ಯಾಸ ಬದಲಿಸಿದ್ದೇನೆ. ‘ಇದು ಸ್ಪಷ್ಟವಾಗಿಲ್ಲ’ ಎಂದು ಬರೆದು ಬಿಡುವುದಿಲ್ಲ. ‘ಇಲ್ಲಿ ಒಂದು ಉದಾಹರಣೆ ಕೊಟ್ಟರೆ ನಿನ್ನ ವಾದ ನಿಲ್ಲುತ್ತದೆ’ ಎಂದು ಬರೆಯುತ್ತೇನೆ. ಅರವತ್ತು ಪತ್ರಿಕೆಗಳಿಗೆ ಹೀಗೆ ಬರೆಯಲು ಒಂದು ಸಂಜೆ ಹೆಚ್ಚು ಬೇಕಾಗುತ್ತದೆ. ಕೊಡುತ್ತೇನೆ.

ಮೊನ್ನೆ ಅವಳು ಪ್ರಬಂಧದ ಕರಡು ತಂದಳು. ಕೊನೆಯ ಎರಡು ಪುಟ ಖಾಲಿ. ನಡುವೆ ಒಂದು ಕಡೆ ಪೆನ್ಸಿಲ್‌ನಲ್ಲಿ ‘ಇಲ್ಲಿ ನನಗೇ ಗೊಂದಲವಿದೆ’ ಎಂದು ಬರೆದಿತ್ತು. “ಇನ್ನೂ ಮುಗಿದಿಲ್ಲ ಮೇಡಂ, ಇದ್ದ ಹಾಗೇ ತಂದಿದ್ದೇನೆ” ಎಂದಳು. ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡೆ. ಪೆನ್ಸಿಲ್ ಗುರುತಿದ್ದ ಜಾಗದಿಂದಲೇ ಶುರು ಮಾಡಿದೆವು.